ಸಮುದ್ರಕ್ಕೆ ದೀಪ ಹಿಡಿದ ಫ್ರೆನೆಲ್



ರಾತ್ರಿ ಕರೆಂಟ್ ಹೋದಾಗ ನೀವು ಟಾರ್ಚ್ ಹಾಕಿ ಎದುರಿನ ಗೋಡೆಗೆ ಬಿಟ್ಟು ನೋಡಿದ್ದೀರಾ? ಹತ್ತಿರದ ಗೋಡೆ ಮೇಲೆ ಬೆಳಕು ಒಂದು ತಟ್ಟೆಯಷ್ಟು ಬೀಳುತ್ತದೆ. ಅದೇ ಟಾರ್ಚನ್ನು ದೂರದ ಮರಕ್ಕೆ ಬಿಟ್ಟರೆ ಬೆಳಕು ಚದುರಿ ಚದುರಿ ಮಸುಕಾಗಿ ಹೋಗುತ್ತದೆ. ಗುಡ್ಡಕ್ಕೆ ಬಿಟ್ಟರೆ ಏನೂ ಕಾಣೋದೇ ಇಲ್ಲ. ಬೆಳಕು ಎಲ್ಲಿ ಹೋಯ್ತು? ಯಾಕೆ ಹೀಗೆ ಹರಡುತ್ತದೆ? ಹರಡದ ಹಾಗೆ ಮಾಡೋಕೆ ಆಗುತ್ತಾ? ಇದನ್ನು ಜೀವನ ಪೂರ್ತಿ ಯೋಚನೆ ಮಾಡಿದ ಒಬ್ಬ ವಿಜ್ಞಾನಿಯ ಕಥೆಯನ್ನು ಈ ಸಲ ಬರೆದಿದ್ದೇನೆ. ಅವರ ಹೆಸರು ಆಗಸ್ಟಿನ್ ಫ್ರೆನೆಲ್. ಇಂಗ್ಲಿಷಿನಲ್ಲಿ ಬರೆಯುವಾಗ ಹೆಸರಿನ ಮಧ್ಯೆ ಒಂದು ಎಸ್ ಬರುತ್ತದೆ, ಆದರೆ ಅದನ್ನು ಓದಬಾರದು ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು.

ಹೋದ ವರ್ಷ ಶಾಲಾ ಪ್ರವಾಸದಲ್ಲಿ ನಾವು ಉಡುಪಿ ಹತ್ತಿರದ ಕಾಪು ದೀಪಸ್ತಂಭ ನೋಡಿದ್ದು ನೆನಪಿದೆಯಲ್ಲ? ಬಂಡೆಯ ಮೇಲೆ 1901ರಲ್ಲಿ ಕಟ್ಟಿದ್ದು. ಒಂದು ದೀಪದ ಬೆಳಕು ಅಷ್ಟು ದೂರದ ದೋಣಿಗಳಿಗೆ ಹೇಗೆ ಕಾಣುತ್ತದೆ ಅಂತ ನಾನು ಅಲ್ಲಿ ಮೇಷ್ಟ್ರನ್ನು ಕೇಳಿದ್ದೆ. ಆಗ ಅವರು ಹೇಳಿದ ಹೆಸರೇ ಫ್ರೆನೆಲ್.

ಎಂಟು ವರ್ಷವಾದರೂ ಓದಲು ಬಾರದ ಹುಡುಗ

ಫ್ರೆನೆಲ್ ಹುಟ್ಟಿದ್ದು 1788ನೇ ಇಸವಿ ಮೇ 10ರಂದು, ಫ್ರಾನ್ಸ್ ದೇಶದ ಬ್ರೋಯ್ ಎಂಬ ಊರಿನಲ್ಲಿ. ತಂದೆ ಕಟ್ಟಡಗಳ ನಕ್ಷೆ ಮಾಡಿ ಕಟ್ಟಿಸುವವರು. ನಾಲ್ಕು ಜನ ಗಂಡು ಮಕ್ಕಳಲ್ಲಿ ಇವನು ಎರಡನೆಯವನು. ಇವನು ಹುಟ್ಟಿದ ಮುಂದಿನ ವರ್ಷವೇ ಫ್ರಾನ್ಸಿನಲ್ಲಿ ದೊಡ್ಡ ಕ್ರಾಂತಿ ಆಯಿತು. ದೇಶದಲ್ಲೆಲ್ಲ ಗಲಾಟೆ. ಕೊನೆಗೆ ಮನೆಯವರೆಲ್ಲ ತಂದೆಯ ಊರಾದ ಮಾತ್ಯೂ ಎಂಬ ಹಳ್ಳಿಗೆ ಬಂದು ನೆಲೆಸಿದರು. ಮಕ್ಕಳಿಗೆ ಮೊದಲ ಪಾಠವೆಲ್ಲ ಮನೆಯಲ್ಲೇ ಆಯಿತು.

ಆದರೆ ಆಗಸ್ಟಿನ್‌ಗೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಎಂಟು ವರ್ಷ ತುಂಬಿದರೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಬಾಯಿಪಾಠ ಅಂದರೆ ಆಗದು. ಮೈಯಲ್ಲೂ ಶಕ್ತಿ ಕಡಿಮೆ, ಆಗಾಗ ಕಾಯಿಲೆ. ಇವನ ಅಣ್ಣ ಲೂಯಿ ಮಾತ್ರ ಓದಿನಲ್ಲಿ ಚುರುಕು.

ಹಾಗಾದರೆ ಇವನು ಏನು ಮಾಡ್ತಿದ್ದ? ಮರದ ಕೊಂಬೆ ಕಡಿದು ಬಿಲ್ಲು ಮಾಡ್ತಿದ್ದ, ಆಟದ ಬಂದೂಕು ಮಾಡ್ತಿದ್ದ. ಯಾವ ಮರದ ಕೊಂಬೆ ಚೆನ್ನಾಗಿ ಬಾಗುತ್ತದೆ, ಹಸಿದು ಒಳ್ಳೆಯದೋ ಒಣಗಿದ್ದು ಒಳ್ಳೆಯದೋ ಅಂತ ಒಂದೊಂದಾಗಿ ಪರೀಕ್ಷೆ ಮಾಡ್ತಿದ್ದ. ಅವನು ಮಾಡಿದ ಬಿಲ್ಲು ಎಷ್ಟು ಜೋರಾಗಿ ಹೊಡೆಯುತ್ತಿತ್ತು ಅಂದ್ರೆ, ಊರಿನ ಮಕ್ಕಳ ತಂದೆತಾಯಿಯರು ಹೆದರಿ ಸಭೆ ಸೇರಿ ಆ ಬಿಲ್ಲುಗಳನ್ನೇ ನಿಷೇಧ ಮಾಡಿದರಂತೆ! ಜೊತೆಯ ಹುಡುಗರು ಮಾತ್ರ ಅವನನ್ನು ಮಹಾ ಬುದ್ಧಿವಂತ ಅಂತ ಕರೆಯುತ್ತಿದ್ದರು. ದೊಡ್ಡವರಿಗೆ ದಡ್ಡ, ಹುಡುಗರಿಗೆ ಬುದ್ಧಿವಂತ. ಯಾರು ಸರಿ ಅಂತ ಕೊನೆಯಲ್ಲಿ ನೀವೇ ಹೇಳಿ.

13 ವರ್ಷಕ್ಕೆ, ಅಂದರೆ ನಮ್ಮ ತರಗತಿಯ ವಯಸ್ಸಿಗೆ, ಅಣ್ಣನ ಜೊತೆ ಕಾನ್ ಪಟ್ಟಣದ ಶಾಲೆಗೆ ಸೇರಿದ. ಅಲ್ಲಿ ಗಣಿತದ ರುಚಿ ಹತ್ತಿತು. 16ನೇ ವಯಸ್ಸಿಗೆ, 1804ರಲ್ಲಿ, ಪ್ಯಾರಿಸ್ಸಿನ ಪ್ರಸಿದ್ಧ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಯಲ್ಲಿ 17ನೇ ಸ್ಥಾನ ಪಡೆದು ಪಾಸಾದ! ಎಂಟು ವರ್ಷಕ್ಕೆ ಓದಲು ಬಾರದ ಹುಡುಗ ಇನ್ನೆಂಟು ವರ್ಷಕ್ಕೆ ಅಲ್ಲಿಗೆ ಹೋದ ಅಂತ ಆಶ್ಚರ್ಯ ಆಗೋದಿಲ್ವೇ? ದೊಡ್ಡವರಾದ್ದರಿಂದ ಇನ್ನು ಮೇಲೆ ಅವರನ್ನು ಅವರು ಎಂದೇ ಬರೆಯುತ್ತೇನೆ.

ರಸ್ತೆ ಇಂಜಿನಿಯರ್

ಆಮೇಲೆ ಅವರು ರಸ್ತೆ ಮತ್ತು ಸೇತುವೆಗಳ ಇಂಜಿನಿಯರ್ ವಿದ್ಯೆ ಕಲಿತು 1809ರಲ್ಲಿ ಸರಕಾರಿ ಕೆಲಸಕ್ಕೆ ಸೇರಿದರು. ಅದೇ ವರ್ಷ ಸೈನ್ಯದಲ್ಲಿದ್ದ ಅಣ್ಣ ಲೂಯಿ ಸ್ಪೇನಿನ ಯುದ್ಧದಲ್ಲಿ ತೀರಿಕೊಂಡರು. ತಂದೆ ಮೊದಲೇ ತೀರಿಹೋಗಿದ್ದರು. ಮನೆಗೆ ಈಗ ಇವರೇ ಹಿರಿಯ ಮಗ.

ಹಗಲೆಲ್ಲ ರಸ್ತೆ ಅಳೆಯೋದು, ಲೆಕ್ಕ ಬರೆಯೋದು, ಆಳುಗಳ ಮೇಲ್ವಿಚಾರಣೆ. ಜನರನ್ನು ಗದರಿಸಿ ಕೆಲಸ ಮಾಡಿಸೋದು ಅವರಿಗೆ ಹಿಡಿಸುತ್ತಲೇ ಇರಲಿಲ್ಲ. ಮನಸ್ಸೆಲ್ಲ ಬೆಳಕಿನ ಕಡೆ. ಬೆಳಕು ಅಂದರೆ ಏನು?

ಆ ಕಾಲದಲ್ಲಿ ಹೆಚ್ಚಿನವರು ನ್ಯೂಟನ್ ಹೇಳಿದ್ದನ್ನು ನಂಬಿದ್ದರು. ಬೆಳಕು ಅಂದರೆ ಸಣ್ಣ ಸಣ್ಣ ಕಣಗಳ ಸುರಿಮಳೆ, ಕವಣೆ ಕಲ್ಲಿನ ಹಾಗೆ ನೇರ ಹೋಗುತ್ತದೆ ಎಂದು. ಹೈಗೆನ್ಸ್ ಎಂಬ ವಿಜ್ಞಾನಿ ಮಾತ್ರ ಬೆಳಕು ಅಲೆ ಅಂದಿದ್ದರು. ಇಂಗ್ಲೆಂಡಿನ ಥಾಮಸ್ ಯಂಗ್ ಕೂಡ 1801ರಿಂದ ಅಲೆ ಅಂತಲೇ ತೋರಿಸುತ್ತಿದ್ದರು, ಆದರೆ ಅವರ ಮಾತನ್ನು ಜಾಸ್ತಿ ಜನ ಕೇಳಲಿಲ್ಲ. ಹಳ್ಳಿಗಾಡಿನಲ್ಲಿ ರಸ್ತೆ ಮಾಡಿಸುತ್ತಿದ್ದ ಫ್ರೆನೆಲ್ ಅವರಿಗೆ ಯಂಗ್ ಮಾಡಿದ ಕೆಲಸ ಗೊತ್ತೇ ಇರಲಿಲ್ಲ. ತಾವಾಗಿಯೇ ಅಲೆಯ ದಾರಿ ಹಿಡಿದರು.

ಜೇನುತುಪ್ಪದ ಹನಿ

1815ರ ಮಾರ್ಚಿಯಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಬಂದು ಮತ್ತೆ ಚಕ್ರವರ್ತಿಯಾದ. ಫ್ರೆನೆಲ್ ಅವನ ವಿರುದ್ಧದ ಪಡೆ ಸೇರಿದರು. ಪರಿಣಾಮ, ಕೆಲಸ ಹೋಯಿತು, ಪೊಲೀಸರ ಕಣ್ಗಾವಲು ಬಂತು. ತಾಯಿ ಇದ್ದ ಹಳ್ಳಿ ಮಾತ್ಯೂಗೆ ಹೋಗಿ ಇರಬೇಕಾಯಿತು.

ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಕೈತುಂಬ ಬಿಡುವು ಸಿಕ್ಕಿತು ಅಂತ ಪ್ರಯೋಗ ಶುರು ಮಾಡಿದರು. ಹಳ್ಳಿಯಲ್ಲಿ ಪ್ರಯೋಗಾಲಯ ಎಲ್ಲಿಂದ ಬರಬೇಕು? ಊರಿನ ಬೀಗ ಮಾಡುವವನ ಹತ್ತಿರ ಉಪಕರಣ ಮಾಡಿಸಿಕೊಂಡರು. ತುಂಬಾ ಸಣ್ಣ ಬೆಳಕಿನ ಚುಕ್ಕಿ ಬೇಕಾಗಿತ್ತು, ಅದಕ್ಕೆ ಬೇಕಾದ ಪುಟ್ಟ ಮಸೂರ ಇರಲಿಲ್ಲ. ಆಗ ಜೇನುತುಪ್ಪದ ಒಂದು ಹನಿಯನ್ನೇ ಮಸೂರವಾಗಿ ಉಪಯೋಗಿಸಿದರು! ಹನಿ ಉಬ್ಬಿಕೊಂಡು ಇರುತ್ತದಲ್ಲ, ಅದು ಸೂರ್ಯನ ಬೆಳಕನ್ನು ಒಂದು ಚುಕ್ಕಿಗೆ ಸೇರಿಸುತ್ತದೆ.

ಆ ಚುಕ್ಕಿಯ ಬೆಳಕಿಗೆ ಒಂದು ತೆಳ್ಳನೆಯ ತಂತಿ ಅಡ್ಡ ಹಿಡಿದರು. ತಂತಿಯ ನೆರಳು ಪೂರ್ತಿ ಕಪ್ಪಾಗಿರಬೇಕಿತ್ತು ತಾನೆ? ಆದರೆ ನೆರಳಿನ ಒಳಗೇ ಬೆಳಕಿನ ಗೆರೆ, ಕಪ್ಪು ಗೆರೆ, ಬೆಳಕಿನ ಗೆರೆ ಅಂತ ಪಟ್ಟೆ ಕಂಡವು. ತಂತಿಯ ಒಂದು ಬದಿಗೆ ಕಾಗದದ ಚೂರು ಅಂಟಿಸಿ ಬೆಳಕು ತಡೆದರು. ಒಳಗಿನ ಪಟ್ಟೆಗಳೆಲ್ಲ ಮಾಯ! ಅಂದರೆ ತಂತಿಯ ಎಡಗಡೆಯಿಂದ ಬಂದ ಬೆಳಕೂ ಬಲಗಡೆಯಿಂದ ಬಂದ ಬೆಳಕೂ ಸೇರಿಯೇ ಆ ಪಟ್ಟೆ ಆಗುತ್ತಿತ್ತು. ಅಲೆಯ ಉಬ್ಬಿಗೆ ಉಬ್ಬು ಸೇರಿದರೆ ಬೆಳಕು, ಉಬ್ಬಿಗೆ ತಗ್ಗು ಸೇರಿದರೆ ಕತ್ತಲೆ. ಕಲ್ಲಿನಂಥ ಕಣವಾಗಿದ್ದರೆ ಬೆಳಕಿಗೆ ಬೆಳಕು ಸೇರಿ ಕತ್ತಲೆ ಹೇಗೆ ಆಗುತ್ತದೆ?

ಬೆಳಕು ಹರಡೋದು ಯಾಕೆ?

ನಮ್ಮೂರ ಕೆರೆಯಲ್ಲಿ ಕಲ್ಲು ಹಾಕಿ ನೋಡಿ. ಅಲೆ ಬಳೆಯ ಹಾಗೆ ಹರಡುತ್ತದೆ. ಎರಡು ಬಂಡೆಗಳ ನಡುವಿನ ಸಣ್ಣ ಸಂದಿನಿಂದ ಅಲೆ ಒಳಗೆ ಹೋದರೆ ನೇರ ಹೋಗುವುದಿಲ್ಲ, ಸಂದಿ ದಾಟಿದ ಕೂಡಲೇ ಅರ್ಧ ಬಳೆಯಾಗಿ ಎರಡೂ ಕಡೆ ಹರಡುತ್ತದೆ. ಬೆಳಕೂ ಹಾಗೇ ಮಾಡುತ್ತದೆ. ಇದಕ್ಕೆ ವಿವರ್ತನೆ ಅಂತ ಹೆಸರು. ಆದರೆ ಬೆಳಕಿನ ಅಲೆ ತುಂಬಾ ಚಿಕ್ಕದು. ಒಂದು ಮಿಲಿಮೀಟರ್ ಒಳಗೆ ಸುಮಾರು 2000 ಅಲೆಗಳು ಹಿಡಿಯುತ್ತವೆ. ಅದಕ್ಕೇ ನಮಗೆ ಸುಲಭವಾಗಿ ಗೊತ್ತಾಗೋದಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಬೆಳಕಿನ ಕಿರಣ ಸಣ್ಣಗೆ ಹೋಗಲಿ ಅಂತ ತೂತನ್ನು ಸಣ್ಣ ಮಾಡುತ್ತಾ ಹೋದರೆ, ಒಂದು ಹಂತದ ನಂತರ ಬೆಳಕು ಇನ್ನೂ ಜಾಸ್ತಿ ಹರಡುತ್ತದೆ! ಹಿಡಿದಷ್ಟೂ ಜಾರುತ್ತದೆ. ಚದುರದೇ ದೂರ ಹೋಗಬೇಕಾದರೆ ಶುರುವಿನಲ್ಲೇ ಕಿರಣ ಅಗಲ ಇರಬೇಕು. ಲೇಸರ್ ಬೆಳಕು ಎಷ್ಟು ನೇರ ಅಂತ ನಾವು ಅಂದುಕೊಂಡಿದ್ದೇವೆ. ಅದನ್ನೂ 3,84,000 ಕಿಲೋಮೀಟರ್ ದೂರದ ಚಂದ್ರನಿಗೆ ಬಿಟ್ಟರೆ ಅಲ್ಲಿ ತಲುಪುವಾಗ ಕೆಲವು ಕಿಲೋಮೀಟರ್ ಅಗಲ ಆಗಿರುತ್ತದೆ.

ಕಪ್ಪು ನೆರಳಿನ ನಡುವೆ ಬಿಳಿ ಚುಕ್ಕಿ

ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ ಮೇಲೆ ಫ್ರೆನೆಲ್ ಅವರಿಗೆ ಕೆಲಸ ವಾಪಸ್ಸು ಸಿಕ್ಕಿತು. ಪ್ಯಾರಿಸ್ಸಿನ ಅರಾಗೊ ಎಂಬ ವಿಜ್ಞಾನಿ ಇವರ ಬೆನ್ನಿಗೆ ನಿಂತರು. ಯಂಗ್ ಅವರ ವಿಷಯ ತಿಳಿಸಿದವರೂ ಅವರೇ. ಇನ್ನೊಬ್ಬರು ಮೊದಲೇ ಕಂಡುಹಿಡಿದಿದ್ದಾರೆ ಎಂದು ಗೊತ್ತಾದಾಗ ಫ್ರೆನೆಲ್ ಹಟ ಮಾಡಲಿಲ್ಲ, ಯಂಗ್ ಮೊದಲಿಗರು ಅಂತ ಒಪ್ಪಿಕೊಂಡು ತಮ್ಮ ಕೆಲಸ ಮುಂದುವರಿಸಿದರು.

ಆಮೇಲೆ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ವಿವರ್ತನೆಯ ಬಗ್ಗೆ ಒಂದು ಸ್ಪರ್ಧೆ ಇಟ್ಟಿತು. 1818ರಲ್ಲಿ ಫ್ರೆನೆಲ್ ತಮ್ಮ ಪ್ರಬಂಧ ಕಳಿಸಿದರು. ಐದು ಜನ ತೀರ್ಪುಗಾರರು. ಅದರಲ್ಲಿ ಲಾಪ್ಲಾಸ್, ಬಿಯೊ, ಪ್ವಾಸಾನ್ ಮೂವರೂ ಬೆಳಕು ಕಣ ಅನ್ನುವ ಪಕ್ಷದವರು. ಸಿಂಹದ ಗುಹೆಗೆ ಹೋದ ಹಾಗೆ ಆಯ್ತು!

ಪ್ವಾಸಾನ್ ದೊಡ್ಡ ಗಣಿತಜ್ಞರು. ಫ್ರೆನೆಲ್ ಲೆಕ್ಕವನ್ನು ತಿರುವಿ ತಿರುವಿ ನೋಡಿ ಒಂದು ತಪ್ಪು ಸಿಕ್ಕಿತು ಅಂದುಕೊಂಡರು. ಈ ಲೆಕ್ಕ ಸರಿ ಇದ್ದರೆ, ಒಂದು ದುಂಡನೆಯ ಬಿಲ್ಲೆಯನ್ನು ಬೆಳಕಿಗೆ ಅಡ್ಡ ಹಿಡಿದಾಗ ಅದರ ನೆರಳಿನ ಸರಿಯಾಗಿ ನಟ್ಟನಡುವೆ ಒಂದು ಬೆಳಕಿನ ಚುಕ್ಕಿ ಕಾಣಬೇಕು. ಅತಿ ಕತ್ತಲೆ ಇರಬೇಕಾದ ಜಾಗದಲ್ಲಿ ಬೆಳಕು! ಇದು ಸಾಧ್ಯವೇ ಇಲ್ಲ, ಆದ್ದರಿಂದ ಅಲೆಯ ವಾದವೇ ಸುಳ್ಳು ಅಂತ ಅವರ ವಾದ.

ಅರಾಗೊ ಜಗಳ ಆಡಲಿಲ್ಲ. ಪ್ರಯೋಗ ಮಾಡಿಯೇ ಬಿಟ್ಟರು. 2 ಮಿಲಿಮೀಟರ್ ಅಗಲದ ಪುಟ್ಟ ಬಿಲ್ಲೆಯನ್ನು ಮೇಣದಿಂದ ಗಾಜಿಗೆ ಅಂಟಿಸಿ ಬೆಳಕಿಗೆ ಹಿಡಿದರು. ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಇತ್ತು! ತಪ್ಪು ತೋರಿಸಲು ಹೋದ ಲೆಕ್ಕವೇ ಫ್ರೆನೆಲ್ ಅವರನ್ನು ಗೆಲ್ಲಿಸಿತು. 1819ರಲ್ಲಿ ಬಹುಮಾನ ಅವರಿಗೇ ಬಂತು.

ಅದು ಹೇಗೆ ಅಂತ ನನಗೂ ಮೊದಲು ಅರ್ಥ ಆಗಲಿಲ್ಲ. ಮೇಷ್ಟ್ರು ನಮ್ಮನ್ನೆಲ್ಲ ಮೈದಾನದಲ್ಲಿ ಧ್ವಜಕಂಬದ ಸುತ್ತ ದುಂಡಗೆ ನಿಲ್ಲಿಸಿದರು. ಒಂದೇ ಸಮ ಹೆಜ್ಜೆ ಹಾಕಿ ಕಂಬದ ಕಡೆ ನಡೆಯಿರಿ ಅಂದರು. ಎಲ್ಲರೂ ಒಟ್ಟಿಗೇ ಕಂಬ ಮುಟ್ಟಿದೆವು, ಯಾಕೆಂದರೆ ಎಲ್ಲರಿಗೂ ದೂರ ಒಂದೇ. ಹಾಗೇ ಬಿಲ್ಲೆಯ ಅಂಚಿನ ಎಲ್ಲಾ ಕಡೆಯಿಂದ ಬಂದ ಅಲೆಗಳಿಗೂ ನಡುವಿನ ಚುಕ್ಕಿ ಒಂದೇ ದೂರ. ಉಬ್ಬೆಲ್ಲ ಒಟ್ಟಿಗೆ ಬಂದು ಸೇರುತ್ತವೆ, ಬೆಳಕಾಗುತ್ತದೆ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ದೂರ ಹೆಚ್ಚು ಕಡಿಮೆ ಆಗಿ ಹೆಜ್ಜೆ ತಪ್ಪುತ್ತದೆ.

1821ರ ಹೊತ್ತಿಗೆ ಅವರು ಇನ್ನೊಂದು ವಿಷಯವನ್ನೂ ಹೇಳಿದರು. ಹಗ್ಗದ ಒಂದು ತುದಿ ಕಟ್ಟಿ ಅಲ್ಲಾಡಿಸಿದಾಗ ಅಲೆ ಮುಂದೆ ಹೋಗುತ್ತದೆ, ಹಗ್ಗ ಮಾತ್ರ ಅಡ್ಡಡ್ಡ ಅಲ್ಲಾಡುತ್ತದೆ. ಬೆಳಕಿನ ಅಲೆಯೂ ಹೀಗೆ ಅಡ್ಡ ಅಲ್ಲಾಡುವ ಅಲೆ ಎಂದು ತೋರಿಸಿದರು.

ಮೆಟ್ಟಿಲು ಮೆಟ್ಟಿಲಿನ ಮಸೂರ

ಈಗ ದೀಪಸ್ತಂಭದ ಕಥೆಗೆ ಬರೋಣ. ಆಗೆಲ್ಲ ದೀಪಸ್ತಂಭದಲ್ಲಿ ಎಣ್ಣೆ ದೀಪ. ಅದರ ಹಿಂದೆ ಲೋಹದ ಕನ್ನಡಿ. ಕನ್ನಡಿ ಸುಮಾರು ಅರ್ಧ ಬೆಳಕನ್ನು ತಾನೇ ನುಂಗುತ್ತಿತ್ತು. ಉಳಿದದ್ದೂ ಚದುರಿ ಹೋಗುತ್ತಿತ್ತು. ಬಿರುಗಾಳಿಯ ರಾತ್ರಿ ಹಡಗಿನವರಿಗೆ ದೀಪ ಕಾಣದೆ ಬಂಡೆಗೆ ಬಡಿದು ಹಡಗು ಒಡೆಯುತ್ತಿತ್ತು, ಜನ ಸಾಯುತ್ತಿದ್ದರು. 1819ರಲ್ಲಿ ಅರಾಗೊ ಹೇಳಿದ್ದರಿಂದ ಸರಕಾರ ಫ್ರೆನೆಲ್ ಅವರನ್ನು ದೀಪಸ್ತಂಭಗಳ ಸಮಿತಿಗೆ ಸೇರಿಸಿತು.

ಕನ್ನಡಿ ಬದಲು ಪೀನ ಮಸೂರ ಇಟ್ಟರೆ ಹೇಗೆ? ದೀಪದಿಂದ ಎಲ್ಲಾ ಕಡೆ ಚದುರುವ ಬೆಳಕನ್ನು ಅದು ಬಾಗಿಸಿ ಒಂದೇ ನೇರಕ್ಕೆ ಕಳಿಸುತ್ತದೆ. ಆದರೆ ಅಷ್ಟು ದೊಡ್ಡ ಮಸೂರ ಮಾಡಿದರೆ ನಡುವೆ ಗಾಜು ತುಂಬಾ ದಪ್ಪ ಆಗುತ್ತದೆ. ಭಾರವೂ ಜಾಸ್ತಿ, ದಪ್ಪ ಗಾಜು ಬೆಳಕನ್ನೂ ತಿನ್ನುತ್ತದೆ.

ಫ್ರೆನೆಲ್ ಯೋಚನೆ ಏನೆಂದರೆ, ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪದಿಂದ ಅಲ್ಲ. ಹಾಗಾದರೆ ಒಳಗಿನ ಗಾಜು ಯಾಕೆ ಬೇಕು? ತೆಗೆದುಬಿಡಿ! ಮಸೂರವನ್ನು ಉಂಗುರ ಉಂಗುರ ಮಾಡಿ, ಪ್ರತಿ ಉಂಗುರದ ಓರೆ ಮೇಲ್ಮೈ ಮಾತ್ರ ಉಳಿಸಿ, ಮೆಟ್ಟಿಲಿನ ಹಾಗೆ ಜೋಡಿಸಿದರು. ನೋಡೋಕೆ ಕೆರೆಗೆ ಕಲ್ಲು ಹಾಕಿದಾಗ ಏಳುವ ಬಳೆಗಳ ಹಾಗೇ ಇರುತ್ತದೆ. ಬ್ಯುಫೋನ್ ಎಂಬುವರು ಬಿಸಿಲಿನಿಂದ ಬೆಂಕಿ ಹೊತ್ತಿಸಲು ಇಂಥದ್ದೇ ಮಸೂರ ಮಾಡಬಹುದು ಅಂತ ಮೊದಲೇ ಹೇಳಿದ್ದರು. ಆದರೆ ಬೇರೆ ಬೇರೆ ತುಂಡು ಜೋಡಿಸಿ ದೀಪಸ್ತಂಭಕ್ಕೆ ಕೂರಿಸಿದ್ದು ಫ್ರೆನೆಲ್. ಗಾಜಿನ ಕೆಲಸ ಮಾಡಿಕೊಟ್ಟವರು ಸೊಲೆಯ್ ಎಂಬ ಕುಶಲಕರ್ಮಿ. ದೀಪಕ್ಕೂ ಅರಾಗೊ ಜೊತೆ ಸೇರಿ ಒಂದರೊಳಗೊಂದು ದುಂಡು ಬತ್ತಿ ಇರುವ ಹೊಸ ದೀಪ ಮಾಡಿದರು.

1822ರ ಆಗಸ್ಟಿನಲ್ಲಿ, ಪ್ಯಾರಿಸ್ಸಿನಲ್ಲಿ ಇನ್ನೂ ಕಟ್ಟುತ್ತಿದ್ದ ವಿಜಯ ಕಮಾನಿನ ಮೇಲೆ ಅದನ್ನು ಇಟ್ಟು ಹಚ್ಚಿದರು. 32 ಕಿಲೋಮೀಟರ್ ದೂರಕ್ಕೆ ಕಂಡಿತು! 1823ರ ಜುಲೈ 25ರಂದು ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲ ಮಸೂರ ಬೆಳಗಿತು. ಅದು ಜಿರೋಂದ್ ನದಿ ಸಮುದ್ರ ಸೇರುವಲ್ಲಿ ನೀರಿನ ನಡುವೆ ನಿಂತಿರುವ ಹಳೆಯ ಸ್ತಂಭ. ಎಂಟು ದೊಡ್ಡ ಮಸೂರಗಳು ದೀಪದ ಸುತ್ತ ನಿಧಾನವಾಗಿ ತಿರುಗುತ್ತಿದ್ದವು. ದೂರದ ಹಡಗಿನವರಿಗೆ ಬೆಳಕು ಮಿಂಚಿ ಮಿಂಚಿ ಹೋದಂತೆ ಕಾಣುತ್ತಿತ್ತು. ಅದರಿಂದ ಅದು ನಕ್ಷತ್ರ ಅಲ್ಲ, ದೀಪಸ್ತಂಭ ಅಂತ ತಿಳಿಯುತ್ತಿತ್ತು.

ಎಣ್ಣೆ ದೀಪಕ್ಕೂ ಒಂದು ಗಾತ್ರ ಇರುವುದರಿಂದ ಈ ಬೆಳಕೂ ದೂರ ಹೋದಂತೆ ಸ್ವಲ್ಪ ಹರಡಿಯೇ ಹರಡುತ್ತದೆ. ಆದರೆ ಎಲ್ಲಾ ಕಡೆ ಚದುರಿ ವ್ಯರ್ಥ ಆಗುತ್ತಿದ್ದುದು ಸಮುದ್ರದ ಕಡೆಗೇ ಹೋಗುವಂತಾಯಿತು. ಮುಂದೆ ಈ ಮಸೂರ ಲೋಕದ ಎಲ್ಲಾ ಸಮುದ್ರಗಳ ತೀರಕ್ಕೂ ಹೋಯಿತು. ಎಷ್ಟು ಜೀವ ಉಳಿಯಿತೋ ಎಣಿಸಿದವರಿಲ್ಲ.

ಕೊನೆಯ ದಿನಗಳು

ಇಷ್ಟೆಲ್ಲ ಮಾಡುವಾಗ ಅವರಿಗೆ ಕ್ಷಯರೋಗ ಇತ್ತು. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಕೆಮ್ಮುತ್ತಲೇ ಲೆಕ್ಕ ಮಾಡುತ್ತಿದ್ದರು. 1823ರಲ್ಲಿ ಅಕಾಡೆಮಿಯ ಸದಸ್ಯರಾದರು. ಆರೋಗ್ಯ ಕೈ ಕೊಟ್ಟಾಗ ಬೇರೆ ಕೆಲಸಗಳನ್ನೆಲ್ಲ ಬಿಟ್ಟರು, ದೀಪಸ್ತಂಭದ ಕೆಲಸ ಮಾತ್ರ ಬಿಡಲಿಲ್ಲ. ತಮ್ಮ ಲೆಯೊನೋರ್ ಅವರನ್ನು ಸಹಾಯಕ್ಕೆ ಕರೆದುಕೊಂಡರು. ಇಂಗ್ಲೆಂಡಿನ ರಾಯಲ್ ಸೊಸೈಟಿ ರಮ್‌ಫೋರ್ಡ್ ಪದಕ ಕೊಟ್ಟಿತು. ಅರಾಗೊ ಅದನ್ನು ತಂದು ಕೈಗಿಟ್ಟದ್ದು ಅವರು ಸಾಯುವ ಕೆಲವೇ ದಿನ ಮುಂಚೆ. 1827ರ ಜುಲೈ 14ರಂದು ಪ್ಯಾರಿಸ್ ಹತ್ತಿರದ ವಿಲ್ ದಾವ್ರೇ ಎಂಬಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 39 ವರ್ಷ. ಅವರ ಕೆಲಸವನ್ನು ತಮ್ಮ ಲೆಯೊನೋರ್ ಮುಂದುವರಿಸಿದರು. 1889ರಲ್ಲಿ ಕಟ್ಟಿದ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಫ್ರೆನೆಲ್ ಹೆಸರೂ ಇದೆ.

ನಿಮಗೆ ಗೊತ್ತೇ?

ಆ ಬಿಲ್ಲೆಯ ನೆರಳಿನ ಚುಕ್ಕಿ ನೆನಪಿದೆಯೇ? ಪರದೆಯನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿದರೂ ಚುಕ್ಕಿ ನಡುವೆಯೇ ಇರುತ್ತದೆ, ಕತ್ತಲೆಯೊಳಗೆ ಬೆಳಕಿನ ದಾರ ಎಳೆದ ಹಾಗೆ. 1987ರಲ್ಲಿ ಅಮೆರಿಕದ ಡರ್ನಿನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಬಹಳ ದೂರ ಹರಡದೇ ಹೋಗುವ ಕಿರಣ ಮಾಡಿ ತೋರಿಸಿದರು. ಅದಕ್ಕೆ ಬೆಸೆಲ್ ಕಿರಣ ಅಂತ ಹೆಸರು. ಬೆಸೆಲ್ ಎಂಬ ಜರ್ಮನಿಯ ಖಗೋಳ ವಿಜ್ಞಾನಿಯ ಗಣಿತದಿಂದ ಬಂದ ಹೆಸರು ಅದು. ನಡುವೆ ಒಂದು ಹೊಳೆಯುವ ಚುಕ್ಕಿ, ಸುತ್ತ ಬೆಳಕಿನ ಬಳೆಗಳು. ಇದರಲ್ಲೂ ಬೆಳಕು ಸುತ್ತಲಿನಿಂದ ನಡುವಿಗೆ ಬಂದು ಸೇರುತ್ತಾ ಇರುತ್ತದೆ. ನಡುವಿನ ಬೆಳಕು ಹರಡಿ ಹೋದಷ್ಟೂ ಪಕ್ಕದಿಂದ ಹೊಸ ಬೆಳಕು ಬಂದು ತುಂಬುತ್ತದೆ. ಮಧ್ಯೆ ಏನಾದರೂ ಸಣ್ಣದು ಅಡ್ಡ ಬಂದರೂ ಸ್ವಲ್ಪ ದೂರ ಹೋದ ಮೇಲೆ ಚುಕ್ಕಿ ಮತ್ತೆ ಮೂಡುತ್ತದೆ! ಆದರೆ ಸುತ್ತಲಿನ ಬೆಳಕು ಮುಗಿದ ಮೇಲೆ ಇದೂ ಹರಡಿಬಿಡುತ್ತದೆ. ಎಂದೆಂದಿಗೂ ಹರಡದ ಕಿರಣ ಮಾಡಲು ಯಾರಿಗೂ ಆಗಿಲ್ಲ.

ಮಾಡಿ ನೋಡಿ

ಎರಡು ಬೆರಳುಗಳನ್ನು ಕಣ್ಣಿನ ಹತ್ತಿರ ಹಿಡಿದು ಕೂದಲೆಳೆಯಷ್ಟು ಸಂದಿ ಬಿಡಿ. ಆ ಸಂದಿಯಿಂದ ಟ್ಯೂಬ್‌ಲೈಟ್ ಅಥವಾ ಕಿಟಕಿಯ ಬೆಳಕನ್ನು ನೋಡಿ. ಸಂದಿಯೊಳಗೆ ಸಣ್ಣ ಸಣ್ಣ ಕಪ್ಪು ಗೆರೆ ಕಾಣುತ್ತವೆ. ಅದೇ ವಿವರ್ತನೆ. ಸೂರ್ಯನನ್ನು ಮಾತ್ರ ನೋಡಬೇಡಿ, ಕಣ್ಣು ಹೋಗುತ್ತದೆ. ಲೇಸರನ್ನೂ ಕಣ್ಣಿಗೆ ಬಿಡಬೇಡಿ.

ಕೊನೆಯ ಮಾತು

ಗೆಳೆಯರೇ, ಈ ಲೇಖನ ಬರೆಯಲು ಒಂದು ಕಾರಣ ಇದೆ. ನನ್ನ ತಮ್ಮನಿಗೆ ಎಂಟು ವರ್ಷ. ಮೂರನೇ ತರಗತಿ. ಅವನಿಗೆ ಒತ್ತಕ್ಷರ ಬಂದರೆ ಓದಲು ಆಗೋದಿಲ್ಲ, ನಿಂತುಬಿಡುತ್ತಾನೆ. ಕೆಲವರು ಅವನನ್ನು ದಡ್ಡ ಅಂತ ಕರೀತಾರೆ. ನಾನೂ ಸಿಟ್ಟು ಬಂದಾಗ ಎರಡು ಮೂರು ಸಲ ಕರೆದಿದ್ದೇನೆ. ಆದರೆ ಹಳೇ ಚಪ್ಪಲಿ ಕತ್ತರಿಸಿ ಚಕ್ರ ಮಾಡಿ ಗಾಡಿ ಕಟ್ಟೋದರಲ್ಲಿ ನಮ್ಮ ಬೀದಿಯಲ್ಲಿ ಅವನನ್ನು ಮೀರಿಸುವವರಿಲ್ಲ. ಫ್ರೆನೆಲ್ ಕಥೆ ಓದಿದ ಮೇಲೆ ನಾನು ಅವನನ್ನು ಹಾಗೆ ಕರೆಯೋದು ಬಿಟ್ಟಿದ್ದೇನೆ. ನೀವೂ ಬಿಡಬೇಕು ಅಂತ ಕೇಳಿಕೊಳ್ಳುತ್ತೇನೆ. ಎಂಟು ವರ್ಷಕ್ಕೆ ಓದಲು ಬಾರದವರು ಮುಂದೆ ಏನಾಗುತ್ತಾರೆ ಅಂತ ಈಗಲೇ ಹೇಳಲು ಯಾರಿಂದಲೂ ಆಗದು.

ನಿನ್ನೆ ರಾತ್ರಿ ಅವನಿಗೆ ಇದನ್ನೆಲ್ಲ ಓದಿ ಹೇಳಿದೆ. ಜೇನುತುಪ್ಪದ ಹನಿಯ ಭಾಗವನ್ನು ಎರಡು ಸಲ ಓದಿಸಿಕೊಂಡ. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆ ಮನೆಯ ಬೆಲ್ಲದ ಪಾಕವನ್ನು ಗಾಜಿನ ಚೂರಿನ ಮೇಲೆ ಹನಿಸಿಕೊಂಡು ಬಿಸಿಲಿಗೆ ಹಿಡಿದು ಕೂತಿದ್ದ. ಅಮ್ಮ ಬೈದರು. ನಾನು ಬೈಯಲಿಲ್ಲ.

ತಪ್ಪಿದ್ದರೆ ತಿಳಿಸಿ.

— 7ನೇ ತರಗತಿಯ ವಿದ್ಯಾರ್ಥಿನಿ